ಕರೆಂಟಿನ ಹಂಡೆ

ಬಾಳೆಗಲ್‌ನಿಂದ ಮುಳ್ಳೋಡಿಗೆ ಜೀಪು ಓಡಿಸುವವರಿಗೆ ರೇಡಿಯೇಟರ್ ಎಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. ಕುದುರೆಮುಖ ಶಿಖರದ ಚಾರಣಕ್ಕೆ ಹೊರಟವರನ್ನು ತುಂಬಿಕೊಂಡು, ಕಲ್ಲು ಕೆಸರಿನ ಏರಿನಲ್ಲಿ ಮೊದಲನೇ ಗೇರಿನಲ್ಲೇ ಎಳೆಯುವಾಗ ಎಂಜಿನ್ ಕಾಯುತ್ತದೆ. ಕಾದ ಎಂಜಿನ್ನನ್ನು ಸುತ್ತಿ ಬಂದ ನೀರು ಮುಂದಿನ ಜಾಲರಿಯ ಹಿಂದಿರುವ ತೆಳ್ಳನೆಯ ಕೊಳವೆಗಳಲ್ಲಿ ಹಾಯ್ದು, ತನ್ನ ಶಾಖವನ್ನು ಗಾಳಿಗೆ ಕೊಟ್ಟು, ತಣ್ಣಗಾಗಿ ಮತ್ತೆ ಎಂಜಿನ್ನಿಗೆ ಮರಳುತ್ತದೆ. ಆ ಗಾಳಿ ಮಂಜಿನಲ್ಲಿ ಸೇರಿಹೋಗುತ್ತದೆ. ಏರು ಮುಗಿದ ಕಡೆ ಜೀಪು ನಿಲ್ಲಿಸಿದರೆ, ಮಳೆಯಲ್ಲಿ ನೆನೆದ ಚಾರಣಿಗರು ತಾವಾಗಿಯೇ ಬಾನೆಟ್ ಮೇಲೆ ಅಂಗೈ ಇಡುತ್ತಾರೆ.

ಎಂಜಿನ್ನಿಗೆ ಬೇಡವಾದ ಆ ಬಿಸಿಯೇ ಮನೆಯೊಳಗೆ ಬೇಕಾದ ಬಿಸಿ. ಎಂಜಿನ್ ಇದ್ದಲ್ಲಿ ಒಂದು ಕರೆಂಟಿನ ಕಾಯಿಲ್ ಇಟ್ಟು, ಕೊಳವೆಗಳನ್ನು ಅಗಲ ಮಾಡಿ, ಗಾಲಿಯ ಮೇಲೆ ನಿಲ್ಲಿಸಿದರೆ ಅದು ಕೋಣೆಯ ರೇಡಿಯೇಟರ್. ಹೊರಗೆ ಬಿಸಾಡುವ ಶಾಖವನ್ನು ಒಳಗೆ ಬಿಡುತ್ತದೆ ಎಂಬುದಷ್ಟೇ ವ್ಯತ್ಯಾಸ. ಮೂಡಿಗೆರೆ, ಕಳಸ, ಸಂಸೆ ಸುತ್ತಿನ ಹೋಂಸ್ಟೇಗಳಲ್ಲಿ, ಹೊಸ ಟೆರೇಸ್ ಮನೆಗಳಲ್ಲಿ, ವಯಸ್ಸಾದವರೋ ಬಾಣಂತಿಯೋ ಇರುವ ಕೋಣೆಗಳಲ್ಲಿ ಒಂಬತ್ತು, ಹನ್ನೊಂದು, ಹದಿಮೂರು ರೆಕ್ಕೆಗಳ ಈ ಪೆಟ್ಟಿಗೆ ಕಾಣಸಿಗುತ್ತದೆ. ಅಂಗಡಿಯಲ್ಲಿ ಇದರ ಹೆಸರು ಆಯಿಲ್ ಹೀಟರ್. ಒಳಗೆ ಎಣ್ಣೆ ತುಂಬಿರುವುದರಿಂದ ಆ ಹೆಸರು. ನೀರು ತುಂಬುವ, ಹಬೆಯಿಂದ ಕಾಯುವ ಇದರ ಅಣ್ಣತಮ್ಮಂದಿರು ಬೇರೆ ದೇಶಗಳಲ್ಲಿ ಇದ್ದಾರೆ. ಕೆಲಸದ ತತ್ವ ಎಲ್ಲಕ್ಕೂ ಒಂದೇ.

ಇದನ್ನು ಕೊಂಡವರು ಹೇಳುವ ಮಾತು ಮಾತ್ರ ಒಂದೇ ಆಗಿಲ್ಲ. ಕೆಲವರಿಗೆ ಇದು ಮಳೆಗಾಲದ ಆಪದ್ಬಂಧು. ಕೆಲವರಿಗೆ ಬಿಲ್ ಏರಿದ್ದು ಗೊತ್ತಾಯಿತೇ ಹೊರತು ಕೋಣೆ ಬೆಚ್ಚಗಾಗಿದ್ದು ಗೊತ್ತಾಗಲಿಲ್ಲ. ಇಬ್ಬರದೂ ನಿಜ. ಯಂತ್ರ ಒಂದೇ ಆದರೂ ಮನೆ ಬೇರೆ ಬೇರೆ. ಅದಕ್ಕಿಂತ ಮುಖ್ಯವಾಗಿ, ಈ ಗುಡ್ಡಗಳ ಚಳಿ ಎಂಥದ್ದು ಎಂಬುದನ್ನು ತಿಳಿಯದೆ ಅದಕ್ಕೆ ಮದ್ದು ಹುಡುಕಲಾಗದು.

ಕುದುರೆಮುಖ ಸುತ್ತಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 7,000 ಮಿಲಿಮೀಟರ್. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ ಮಳೆಗಳು ಒಂದರ ಬೆನ್ನಿಗೆ ಒಂದು ಹಿಡಿದುಕೊಂಡರೆ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ಆದರೆ ಆಗ ಉಷ್ಣಾಂಶ ತೀರಾ ಇಳಿದಿರುತ್ತದೆಯೇ? ಇಲ್ಲ. ಥರ್ಮಾಮೀಟರ್ ನೋಡಿದರೆ 20 ಡಿಗ್ರಿಯ ಆಸುಪಾಸು. ದೆಹಲಿಯ ಜನವರಿಗೆ ಹೋಲಿಸಿದರೆ ಅದು ಚಳಿಯೇ ಅಲ್ಲ. ಡಿಸೆಂಬರ್ ತಿಂಗಳ ರಾತ್ರಿ ಇದೇ ಊರುಗಳಲ್ಲಿ ಇನ್ನೂ ತಣ್ಣಗಿರುತ್ತದೆ. ಆದರೂ ಡಿಸೆಂಬರಿನಲ್ಲಿ ಒಂದು ಕಂಬಳಿ ಹೊದ್ದರೆ ಸಾಕು, ಜುಲೈಯಲ್ಲಿ ಎರಡು ಹೊದ್ದರೂ ಮೈ ಬಿಸಿಯೇರುವುದಿಲ್ಲ.

ಕಾರಣ ಥಂಡಿ. ಮಲೆನಾಡಿನವರು ಚಳಿ, ಥಂಡಿ ಎರಡನ್ನೂ ಬೇರೆ ಬೇರೆ ಅರ್ಥದಲ್ಲಿ ಬಳಸುತ್ತಾರೆ, ಸರಿಯಾಗಿಯೇ ಬಳಸುತ್ತಾರೆ. ಮಳೆಗಾಲದಲ್ಲಿ ಗಾಳಿ ನೀರನ್ನು ಹೊರಲಾರದಷ್ಟು ಹೊತ್ತಿರುತ್ತದೆ. ಕಂಬಳಿಯ ಎಳೆ, ಹಾಸಿಗೆಯ ಹತ್ತಿ, ಉಟ್ಟ ಬಟ್ಟೆ ಎಲ್ಲವೂ ಆ ನೀರನ್ನು ಹೀರಿರುತ್ತವೆ. ಒಣ ಹತ್ತಿ ಬಿಸಿಯನ್ನು ಹಿಡಿದಿಡುತ್ತದೆ, ಹಸಿ ಹತ್ತಿ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಜೊತೆಗೆ ಕಾವಿ ನೆಲ ಮಂಜುಗಡ್ಡೆಯಂತೆ, ಗೋಡೆ ಬೆವರಿದಂತೆ. ಚಪ್ಪಲಿಗೆ, ಬೆಲ್ಟಿಗೆ, ದೇವರ ಪಟದ ಚೌಕಟ್ಟಿಗೆ, ಪೆಟ್ಟಿಗೆಯಲ್ಲಿಟ್ಟ ಮದುವೆ ಸೀರೆಗೆ ಬಿಳಿ ಬೂಷ್ಟು. ಮುಗ್ಗಲು ವಾಸನೆ ಮೂಗಿಗೇ ಅಂಟಿಕೊಳ್ಳುತ್ತದೆ.

ಇದೇ ಗಾಳಿ ಕಾಫಿಗೆ ಏನು ಮಾಡುತ್ತದೆ ಎಂಬುದು ವ್ಯಾಪಾರಿಗಳಿಗೆ ಚೆನ್ನಾಗಿ ಗೊತ್ತು. ತೋಟದ ಕಣದಲ್ಲಿ ತೇವಾಂಶ ಶೇಕಡ 10–11ಕ್ಕೆ ಇಳಿಯುವವರೆಗೆ ಒಣಗಿಸಿದ ಬೀಜವನ್ನು ಮಂಗಳೂರಿನ ಗೋದಾಮುಗಳಲ್ಲಿ ಮುಂಗಾರಿನ ಗಾಳಿಗೆ ಹರವಿ ಬಿಟ್ಟರೆ, ಮೂರ್ನಾಲ್ಕು ತಿಂಗಳಲ್ಲಿ ಅದು ನೀರು ಕುಡಿದು ಊದಿಕೊಂಡು, ಹಸಿರು ಬಣ್ಣ ಕಳೆದುಕೊಂಡು ಹೊಂಬಿಳುಪಾಗುತ್ತದೆ. ಮಾನ್ಸೂನ್ಡ್ ಮಲಬಾರ್ ಎಂದು ಹೊರದೇಶಗಳಲ್ಲಿ ಹೆಸರಾದ ಕಾಫಿ ಅದೇ. ಬೀಜದ ಮೇಲೆ ಒಂದು ಹನಿ ಮಳೆಯೂ ಬಿದ್ದಿರುವುದಿಲ್ಲ, ಎಲ್ಲ ಗಾಳಿಯದೇ ಕೆಲಸ. ಮನೆಯ ಅಕ್ಕಿ, ಪುಸ್ತಕ, ಹಾಸಿಗೆಗಳ ಮೇಲೂ ಅದೇ ಗಾಳಿ ಅದೇ ಕೆಲಸ ಮಾಡುತ್ತಿರುತ್ತದೆ.

ಇಲ್ಲಿಯೇ ಹೀಟರಿನ ನಿಜವಾದ ಉಪಯೋಗ ಇರುವುದು. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 17 ಗ್ರಾಂ ಚಿಲ್ಲರೆ ನೀರಾವಿಯನ್ನು ಹೊರಬಲ್ಲದು. ಅಷ್ಟೂ ಹೊತ್ತಿದ್ದರೆ ತೇವಾಂಶ ಶೇಕಡ 100. ಅದೇ ಗಾಳಿಯನ್ನು 25 ಡಿಗ್ರಿಗೆ ಬಿಸಿ ಮಾಡಿದರೆ ಅದರ ಹೊರುವ ಶಕ್ತಿ 23 ಗ್ರಾಂಗೆ ಏರುತ್ತದೆ. ನೀರು ಅಷ್ಟೇ ಇದೆ, ಹೊರುವ ಬುಟ್ಟಿ ದೊಡ್ಡದಾಯಿತು. ಹಾಗಾಗಿ ತೇವಾಂಶ ಶೇಕಡ 75ರ ಹತ್ತಿರಕ್ಕೆ ಇಳಿಯುತ್ತದೆ. ಬೂಷ್ಟು ಜೋರಾಗಿ ಬೆಳೆಯುವುದು ಶೇಕಡ 80 ದಾಟಿದ ಮೇಲೆ. ಅಂದರೆ ಬರೀ ಐದು ಡಿಗ್ರಿ ಏರಿಕೆ ಬೂಷ್ಟಿಗೂ ಮನೆಗೂ ನಡುವೆ ಗೆರೆ ಎಳೆಯುತ್ತದೆ. ಮಲೆನಾಡಿನ ಕೋಣೆಗೆ ಬೇಕಿರುವುದು ಬೆವರು ಬರುವ ಬಿಸಿ ಅಲ್ಲ, ಇಡೀ ದಿನ ಸಣ್ಣಗೆ ನಿಲ್ಲುವ ಒಣ ಹವೆ.

ಇದನ್ನು ಪುಸ್ತಕ ಓದದೆಯೇ ಕಂಡುಕೊಂಡವರು ನಮ್ಮ ಮನೆಗಳಲ್ಲೇ ಇದ್ದರು. ಬಟ್ಟೆಯ ಬೀರುವಿನೊಳಗೆ, ಪುಸ್ತಕದ ಕಪಾಟಿನೊಳಗೆ ಒಂದು 40 ಕ್ಯಾಂಡಲ್ ಬಲ್ಬು ಉರಿಸಿಡುವುದು ತೋಟದ ಮನೆಗಳ ಹಳೆಯ ರೂಢಿ. ಬಾಗಿಲು ತೆರೆದರೆ ಹಳದಿ ಬೆಳಕು, ಇಸ್ತ್ರಿ ಮಾಡಿದಂಥ ವಾಸನೆ, ಮುಟ್ಟಿದರೆ ಬೆಚ್ಚನೆಯ ರೇಷ್ಮೆ. ದಿನವಿಡೀ ಉರಿದರೂ ಅದು ಸುಡುವುದು ಒಂದು ಯೂನಿಟ್‌ಗಿಂತ ಕಡಿಮೆ. ಈಗ ಎಲ್‌ಇಡಿ ಬಂದಿದೆ. ಬೆಳಕಿಗೆ ಅದು ಒಳ್ಳೆಯದು, ಬೀರುವಿಗೆ ಸಾಲದು. ಕೆಲವೇ ವ್ಯಾಟ್ ತಿನ್ನುವ ದೀಪ ಬೀರುವನ್ನು ಬೆಚ್ಚಗಿಡಲಾರದು. ಹಳೆಯ ತಂತಿ ಬಲ್ಬು ಅಂಗಡಿಗಳಿಂದ ಮರೆಯಾಗುತ್ತಿರುವಾಗ ಅದರ ಈ ಎರಡನೇ ಉಪಯೋಗವನ್ನು ನೆನೆಯುವವರು ಮಲೆನಾಡಿನವರೇ ಇರಬೇಕು.

ಬೀರುವಿಗೆ ಬಲ್ಬಾದರೆ ಮನೆಗೆ ಬಚ್ಚಲು. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಮಲೆನಾಡಿನ ಮೊದಲ ರೇಡಿಯೇಟರ್ ಇರುವುದು ಅಲ್ಲೇ. ಮನೆಯ ಹಿಂಬದಿಗೆ ಹೊಗೆ ಹಿಡಿದು ಕಪ್ಪಾದ ಕೋಣೆ. ಒಂದು ಮೂಲೆಯಲ್ಲಿ ಮಣ್ಣು ಕಲ್ಲಿನಿಂದ ಕಟ್ಟಿದ ಒಲೆ, ಅದರ ಮೇಲೆ ಅರ್ಧದವರೆಗೆ ಹುಗಿದಂತೆ ಕೂರಿಸಿದ ತಾಮ್ರದ ಹಂಡೆ. ಬೆಳಗಿನ ಜಾವ ಹಚ್ಚಿದ ಬೆಂಕಿ ಮಳೆಗಾಲದಲ್ಲಿ ರಾತ್ರಿಯವರೆಗೂ ಆರುವುದಿಲ್ಲ. ಕಾಫಿ ಗಿಡದಿಂದ ಸವರಿದ ರೆಂಬೆ, ಸಿಲ್ವರ್ ಓಕ್ ಪುರಲೆ, ಅಡಿಕೆಯ ಹಾಳೆ, ಗೊತ್ತಿಲ್ಲದೆ ಒದ್ದೆಯಾದ ಒಂದು ದೊಡ್ಡ ಕುಂಟೆ. ಹಗ್ಗದ ಮೇಲೆ ಒಣಗದ ಬಟ್ಟೆಗಳ ಸಾಲು. ಕೆಂಡದಲ್ಲಿ ಹಲಸಿನ ಬೀಜ ಚಟಪಟ. ತೋಟದಿಂದ ಕಂಬಳಿ ಕೊಪ್ಪೆ ಹೊದ್ದು ಬಂದವರು ಮೊದಲು ಹೋಗುವುದು ಒಲೆಯ ಬಾಯಿಗೆ, ಜಿಗಣೆ ಕಿತ್ತ ಕಾಲನ್ನು ಉರಿಗೆ ಚಾಚಿ ಕೂರಲು. ಬೂದಿಯ ಪಕ್ಕದಲ್ಲಿ ಬೆಕ್ಕು.

ಬೆಂಕಿ ಆರಿದ ಮೇಲೂ ಆ ಕೋಣೆ ಬೆಚ್ಚಗೆ ಏಕಿರುತ್ತದೆ? ಲೆಕ್ಕ ಹಾಕಿದರೆ ಉತ್ತರ ಸೊಗಸಾಗಿದೆ. ಹಂಡೆಯಲ್ಲಿ 60 ಲೀಟರ್ ನೀರಿದೆ ಎಂದುಕೊಳ್ಳಿ. ಅದು 60 ಡಿಗ್ರಿಯಿಂದ 30 ಡಿಗ್ರಿಗೆ ಇಳಿಯುವಾಗ ಹೊರಗೆ ಬಿಡುವ ಶಾಖ ಎರಡು ಯೂನಿಟ್ ವಿದ್ಯುತ್ತಿಗೆ ಸಮ. 2,000 ವ್ಯಾಟಿನ ಹೀಟರ್ ಒಂದು ಗಂಟೆ ಪೂರ್ತಿ ಉರಿದು ಕೊಡುವಷ್ಟನ್ನು ಹಂಡೆ ರಾತ್ರಿಯಿಡೀ ನಿಧಾನವಾಗಿ ಕೊಡುತ್ತದೆ. ನೀರಿನಷ್ಟು ಶಾಖವನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವ ವಸ್ತು ಮನೆಯಲ್ಲಿ ಬೇರೊಂದಿಲ್ಲ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಏರಿಸಲು ಬೇಕಾಗುವ ಶಾಖದಲ್ಲಿ ಎರಡು ಕಿಲೋ ಎಣ್ಣೆಯನ್ನು ಒಂದು ಡಿಗ್ರಿ ಏರಿಸಬಹುದು.

ಹೆಂಚಿನ ಮನೆಗೂ ಒಲೆಗೂ ಒಂದು ಒಪ್ಪಂದವಿತ್ತು. ಹೆಂಚಿನ ಸಂದುಗಳೇ ಆ ಮನೆಯ ಚಿಮಣಿ. ಬಚ್ಚಲೊಲೆ, ಅಡುಗೆ ಒಲೆಗಳ ಬಿಸಿ ಅಟ್ಟದ ಮೇಲಿನ ಅಡಿಕೆ, ಹಪ್ಪಳ, ಬಿದಿರಿನ ಬುಟ್ಟಿಗಳನ್ನು ದಾಟಿ ಮೇಲೇರುವಾಗ ಅವುಗಳ ತೇವವನ್ನೂ ಎತ್ತಿಕೊಂಡು ಸಂದಿನಿಂದ ಹೊರಗೆ ಹೋಗುತ್ತಿತ್ತು. ಹೊಗೆ ತೊಲೆಗಳಿಗೆ ಲೇಪವಾಗಿ ಹುಳು ಹಿಡಿಯದಂತೆ ಕಾಯುತ್ತಿತ್ತು. ಇದರ ಬೆಲೆ ತೆತ್ತವರು ಒಲೆ ಊದಿದ ಹೆಂಗಸರು. ಕಣ್ಣು, ಎದೆ ಎರಡನ್ನೂ ಆ ಹೊಗೆಗೆ ಕೊಟ್ಟರು. ಒಲೆಯನ್ನು ಹಾಡಿ ಹೊಗಳುವವರು ಇದನ್ನು ಮರೆಯಬಾರದು.

ಈಗ ಒಪ್ಪಂದ ಮುರಿದಿದೆ. ಅಡುಗೆಗೆ ಗ್ಯಾಸ್, ಸ್ನಾನಕ್ಕೆ ಗೀಸರ್ ಅಥವಾ ಸೋಲಾರ್, ಮೇಲೆ ಆರ್‌ಸಿಸಿ ತಾರಸಿ, ಸುತ್ತ ಸಿಮೆಂಟ್ ಗೋಡೆ. ಮನೆಯಲ್ಲಿ ದಿನವಿಡೀ ಉರಿಯುವ ಬೆಂಕಿ ಇಲ್ಲ. ಉಸಿರಿನ ಆವಿ, ಅಡುಗೆಯ ಆವಿ, ಒಣಗದ ಬಟ್ಟೆಯ ಆವಿ ಹೊರಹೋಗಲು ಸಂದಿಲ್ಲ. ಸೋಲಾರ್ ಮಳೆಗಾಲದ ಮೂರು ತಿಂಗಳು ಹೆಸರಿಗೆ ಮಾತ್ರ. ಹಳೆಯ ಮನೆ ಬೆಚ್ಚಗಿತ್ತು ಎಂದು ಹಿರಿಯರು ಹೇಳುವುದು ಬರೀ ನೆನಪಿನ ಮೋಹ ಅಲ್ಲ.

ಬೆಂಕಿ ಇಲ್ಲದ ಮನೆ ಈ ಮಳೆಯಲ್ಲಿ ಏನಾಗುತ್ತದೆ ಎಂದು ನೋಡಬೇಕಾದವರು ಕುದುರೆಮುಖ ಪಟ್ಟಣಕ್ಕೆ ಹೋಗಬೇಕು. 1976ರಲ್ಲಿ ಆರಂಭವಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ತನ್ನ ನೌಕರರಿಗಾಗಿ ಕಾಡಿನ ನಡುವೆ ಕಟ್ಟಿದ ಊರು ಅದು. ಮನೆ, ಶಾಲೆ, ಆಸ್ಪತ್ರೆ ಎಲ್ಲ ಇದ್ದವು. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕಾಡಿಗೆ ಅದು ಒಳ್ಳೆಯದೇ ಆಯಿತು. ಜನ ಹೊರಟರು, ಒಲೆಗಳು ಆರಿದವು. ಆಮೇಲೆ ಮಳೆ ಒಂದೊಂದಾಗಿ ಮನೆಗಳನ್ನು ತೆಗೆದುಕೊಂಡಿತು. ಗೋಡೆಗೆ ಹಾವಸೆ, ಬಾಗಿಲಿಗೆ ಬೂಷ್ಟು, ಕಿಟಕಿಯೊಳಗೆ ಜರಿಗಿಡ. ಮನೆಯನ್ನು ಕಾಯುವುದು ಬೀಗ ಅಲ್ಲ, ಒಳಗಿನ ಬಿಸುಪು ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಈ ಸೀಮೆಯಲ್ಲಿಲ್ಲ.

ಕೋಣೆಯ ರೇಡಿಯೇಟರ್ ಹುಟ್ಟಿದ್ದು ಮಾತ್ರ ಬೇರೆಯದೇ ಚಳಿಯಲ್ಲಿ. ಪ್ರಷ್ಯದಲ್ಲಿ ಹುಟ್ಟಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕಾರ್ಖಾನೆ ನಡೆಸುತ್ತಿದ್ದ ಫ್ರಾಂಜ್ ಸಾನ್ ಗಲ್ಲಿ 1850ರ ದಶಕದ ನಡುವಿನಲ್ಲಿ ಎರಕದ ಕಬ್ಬಿಣದ ರೇಡಿಯೇಟರನ್ನು ರೂಪಿಸಿದ ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ರಷ್ಯದ ಸಮಾರಾ ನಗರದಲ್ಲಿ 2005ರಲ್ಲಿ ಇದಕ್ಕೊಂದು ಸ್ಮಾರಕವನ್ನೇ ನಿಲ್ಲಿಸಿದ್ದಾರೆ. ಕಿಟಕಿಯ ಕೆಳಗೆ ರೇಡಿಯೇಟರ್, ಅದರ ಮೇಲೆ ಹಾಯಾಗಿ ಮಲಗಿರುವ ಬೆಕ್ಕು. ನಮ್ಮ ಬಚ್ಚಲೊಲೆಯ ಬೆಕ್ಕು ಅದನ್ನು ನೋಡಿದರೆ ಗುರುತು ಹಿಡಿದೀತು.

ಅಲ್ಲಿ ನೆಲಮಾಳಿಗೆಯಲ್ಲಿ ಒಂದು ಬಾಯ್ಲರ್, ಅಲ್ಲಿಂದ ಎಲ್ಲ ಕೋಣೆಗಳಿಗೆ ಬಿಸಿನೀರಿನ ಅಥವಾ ಹಬೆಯ ಕೊಳವೆ. ಹಬೆಯ ಶಕ್ತಿ ಏನೆಂದು ತಿಳಿಯಲು ಇಡ್ಲಿ ಪಾತ್ರೆ ಸಾಕು. ಹಬೆ ತಣ್ಣನೆಯ ಹಿಟ್ಟಿಗೆ ತಾಗಿ ಮತ್ತೆ ನೀರಾಗುವಾಗ ತನ್ನೊಳಗೆ ಅಡಗಿಸಿಟ್ಟುಕೊಂಡ ಶಾಖವನ್ನೆಲ್ಲ ಅಲ್ಲೇ ಇಳಿಸುತ್ತದೆ. ಒಂದು ಲೀಟರ್ ನೀರಿನಿಂದಾದ ಹಬೆ ಮತ್ತೆ ನೀರಾದಾಗ ಬಿಡುಗಡೆಯಾಗುವ ಶಾಖ ಅರ್ಧ ಯೂನಿಟ್‌ಗಿಂತ ಹೆಚ್ಚು. ಹಬೆಯ ಸುಟ್ಟ ಗಾಯ ಬಿಸಿನೀರಿನದಕ್ಕಿಂತ ಆಳವಾಗುವುದೂ ಅದಕ್ಕೇ. ನ್ಯೂಯಾರ್ಕ್‌ನ ಹಳೆಯ ಕಟ್ಟಡಗಳಲ್ಲಿ ಬಾಡಿಗೆಗಿರುವ ಕನ್ನಡದ ಹುಡುಗರು ಮೊದಲ ಚಳಿಗಾಲದಲ್ಲಿ ಅರ್ಧರಾತ್ರಿ ಗೋಡೆಯ ಮೂಲೆಯಿಂದ ಬರುವ ಟಕಟಕ, ಬುಸ್ ಸದ್ದಿಗೆ ಎದ್ದು ಕೂರುವುದು ಈ ಹಬೆಯ ರೇಡಿಯೇಟರುಗಳಿಂದಲೇ.

ಕಳೆದ ಶತಮಾನದ ಮೊದಲರ್ಧದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಬಾಯ್ಲರ್, ಕೊಳವೆಗಳ ಹಂಗಿಲ್ಲದ ಒಂಟಿ ರೇಡಿಯೇಟರುಗಳೂ ಬಂದವು. ಎರಕದ ಕಬ್ಬಿಣದ ಪೆಟ್ಟಿಗೆಯ ತಳದಲ್ಲಿ ಸ್ವಲ್ಪ ನೀರು, ಅದರೊಳಗೆ ಕರೆಂಟಿನ ಕಾಯಿಲ್. ನೀರು ಹಬೆಯಾಗಿ ಮೇಲೇರಿ, ರೆಕ್ಕೆಗಳ ಒಳಗೋಡೆಗೆ ತಾಗಿ ನೀರಾಗಿ ಮತ್ತೆ ತಳಕ್ಕೆ ತೊಟ್ಟಿಕ್ಕುತ್ತಿತ್ತು. ಚಂದದ ಉಪಾಯ. ಆದರೆ ಮುಚ್ಚಿದ ಪಾತ್ರೆಯಲ್ಲಿ ನೀರು ಕುದಿಸುವುದು ಎಂದರೆ ಒತ್ತಡದ ಜೊತೆ ಆಟ. ಜೊತೆಗೆ ತುಕ್ಕು, ತಂಪು ದೇಶಗಳಲ್ಲಿ ನೀರು ಗಡ್ಡೆಕಟ್ಟಿ ಕಬ್ಬಿಣ ಸೀಳುವ ಭಯ. ಎಣ್ಣೆಗೆ ಈ ಮೂರೂ ಕಾಟ ಇಲ್ಲ. 100 ಡಿಗ್ರಿಯಲ್ಲಿ ಅದು ಕುದಿಯುವುದಿಲ್ಲ, ತುಕ್ಕು ಹಿಡಿಸುವುದಿಲ್ಲ. ಶಾಖ ಹಿಡಿಯುವುದರಲ್ಲಿ ನೀರಿಗೆ ಅರ್ಧದಷ್ಟೇ ಸಮ ಎಂಬ ಕೊರತೆಯನ್ನು ಒಪ್ಪಿಕೊಂಡು ತಯಾರಕರು ಎಣ್ಣೆಯನ್ನೇ ಆರಿಸಿಕೊಂಡರು. ಈ ಎಣ್ಣೆಯನ್ನು ಉರಿಸುವುದಿಲ್ಲ, ಅದು ಖರ್ಚಾಗುವುದಿಲ್ಲ, ಮತ್ತೆ ತುಂಬಿಸುವ ಮಾತೂ ಇಲ್ಲ. ಕಾರ್ಖಾನೆಯಲ್ಲೇ ತುಂಬಿ ಮುಚ್ಚಿರುತ್ತಾರೆ.

ಸ್ವಿಚ್ ಹಾಕಿದ ಕೂಡಲೇ ಏನೂ ಆಗುವುದಿಲ್ಲ. ಐದು ನಿಮಿಷಕ್ಕೆ ಕಬ್ಬಿಣ ಸಣ್ಣಗೆ ಟಿಣ್ ಎನ್ನುತ್ತದೆ, ಅದು ಬಿಸಿಗೆ ಹಿಗ್ಗುವ ಸದ್ದು. ಹತ್ತು ಹದಿನೈದು ನಿಮಿಷಕ್ಕೆ ರೆಕ್ಕೆಗಳ ಮೇಲ್ಭಾಗ ಬಿಸಿ, ಕೆಳಭಾಗ ಇನ್ನೂ ಉಗುರು ಬೆಚ್ಚಗೆ. ಒಳಗೆ ಕಾದ ಎಣ್ಣೆ ಮೇಲೇರುತ್ತಿದೆ, ತಣಿದದ್ದು ಇಳಿಯುತ್ತಿದೆ. ಹೊರಗೆ ಗಾಳಿಯೂ ಅದೇ ಆಟ ಆಡುತ್ತದೆ: ರೆಕ್ಕೆಗಳ ನಡುವೆ ಹೊಕ್ಕು ಬಿಸಿಯಾಗಿ ಮಾಡಿಗೆ ಏರಿ, ಗೋಡೆಗುಂಟ ಇಳಿದು ನೆಲಕ್ಕೆ ಬಂದು ಮತ್ತೆ ರೆಕ್ಕೆಗೆ. ರೇಡಿಯೇಟರ್ ಎಂಬ ಹೆಸರು ಕಿರಣ ಸೂಸುವುದನ್ನು ಹೇಳುತ್ತದಾದರೂ ಇದರ ಹೆಚ್ಚಿನ ಕೆಲಸ ಗಾಳಿಯ ಈ ಸುತ್ತಾಟದಿಂದಲೇ. ಆದ್ದರಿಂದ ಮಂಚದ ಕೆಳಗೆ ತುರುಕಿದರೆ, ಪರದೆಯ ಹಿಂದೆ ಇಟ್ಟರೆ ಅರ್ಧ ಕೆಲಸ ಕೆಟ್ಟಂತೆ. ಕೋಣೆ ಬೇಕಾದಷ್ಟು ಬೆಚ್ಚಗಾದಾಗ ಟಕ್ ಎಂಬ ಸದ್ದು. ಒಳಗಿನ ಥರ್ಮೋಸ್ಟಾಟ್‌ನಲ್ಲಿ ಎರಡು ಲೋಹಗಳನ್ನು ಬೆಸೆದ ಪಟ್ಟಿ ಇರುತ್ತದೆ. ಬಿಸಿಗೆ ಒಂದು ಹೆಚ್ಚು ಹಿಗ್ಗಿ ಇನ್ನೊಂದು ಕಡಿಮೆ ಹಿಗ್ಗಿ ಪಟ್ಟಿ ಬಾಗುತ್ತದೆ, ಕರೆಂಟಿನ ಸಂಪರ್ಕ ಬಿಡುತ್ತದೆ.

ಕೆಂಪಗೆ ಕಾಯುವ ಕಾಯಿಲ್ ಹೀಟರಿಗಿಂತ ಇದು ಕಡಿಮೆ ಕರೆಂಟು ತಿನ್ನುತ್ತದೆ ಎಂದು ಮಾರುವವರು ಹೇಳಿದರೆ ನಂಬಬೇಡಿ. ಕರೆಂಟನ್ನು ನೇರವಾಗಿ ಶಾಖ ಮಾಡುವ ಎಲ್ಲ ಹೀಟರುಗಳೂ ಒಂದು ಯೂನಿಟ್‌ಗೆ ಒಂದೇ ಅಳತೆಯ ಶಾಖ ಕೊಡುತ್ತವೆ. ಎಣ್ಣೆಯ ಹೀಟರಿನ ಹೆಚ್ಚುಗಾರಿಕೆ ಬೇರೆ ಕಡೆ ಇದೆ. ಬೆಂಕಿಯಂತೆ ಕೆಂಪಾದ ತಂತಿ ಹೊರಗೆ ಇಲ್ಲ, ಬಟ್ಟೆ ತಾಗಿದ ಕ್ಷಣಕ್ಕೆ ಹೊತ್ತಿಕೊಳ್ಳುವ ಭಯ ಕಡಿಮೆ, ಸದ್ದೂ ಕಡಿಮೆ, ಕರೆಂಟು ಹೋದ ಮೇಲೂ ಸ್ವಲ್ಪ ಹೊತ್ತು ಬಿಸಿ ಉಳಿಯುತ್ತದೆ. ಸಣ್ಣ ಉರಿಯಲ್ಲಿ ಬಹಳ ಹೊತ್ತು ಎಂಬ ಮಲೆನಾಡಿನ ಅಗತ್ಯಕ್ಕೆ ಇದರ ಸ್ವಭಾವ ಒಗ್ಗುತ್ತದೆ.

ಹಾಗಾದರೆ ಬಿಲ್ ಏರುವುದು ಎಲ್ಲಿ? ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆಯಲ್ಲಿ ಇರುವ ಗಾಳಿ ಸುಮಾರು 40 ಕಿಲೋ. ಅದನ್ನು ಐದು ಡಿಗ್ರಿ ಏರಿಸಲು ಬೇಕಾಗುವುದು ಒಂದು ಯೂನಿಟ್‌ನ ಇಪ್ಪತ್ತರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೇ. ಎರಡು ಲೀಟರ್ ಬಿಸಿನೀರು ತುಂಬಿದ ರಬ್ಬರ್ ಚೀಲದಲ್ಲೇ ಅಷ್ಟು ಶಾಖ ಇದೆ. ಆದರೆ ಹೆಂಚಿನ ಮನೆಯಲ್ಲಿ ಆ ಗಾಳಿ ಗಂಟೆಗೆ ಹತ್ತು ಸಲ ಬದಲಾಗುತ್ತದೆ ಎಂದುಕೊಂಡರೆ, ಹತ್ತು ಸಲವೂ ಹೊಸ ಗಾಳಿಯನ್ನು ಕಾಯಿಸಬೇಕು. ಅದಕ್ಕೇ 600 ವ್ಯಾಟ್ ಹತ್ತಿರ ಬೇಕು. ಒದ್ದೆ ಗೋಡೆ, ತೆಳ್ಳನೆಯ ಹೆಂಚು ಕುಡಿಯುವುದು ಬೇರೆ. ತೂತಿನ ಕೊಡದಲ್ಲಿ ನೀರು ಹೊತ್ತಂತೆ. ಹಳೆಯ ಮನೆಯವರು ಕೋಣೆ ಬೆಚ್ಚಗಾಗಲಿಲ್ಲ ಎಂದು ಬೇಸರಿಸುವುದಕ್ಕೆ ಇದೇ ಕಾರಣ. ಅಂಥ ಮನೆಯಲ್ಲಿ ಹೀಟರಿಗೆ ಮೊದಲು ಬೇಕಿರುವುದು ಮಲಗುವ ಕೋಣೆಗೆ ಒಂದು ಮರದ ಮುಚ್ಚಿಗೆ, ಬಾಗಿಲಡಿಗೆ ಒಂದು ಬಟ್ಟೆಯ ಸುರುಳಿ.

ಲೆಕ್ಕ ಇನ್ನೂ ಒಂದಿದೆ. 2,000 ವ್ಯಾಟಿನ ಹೀಟರ್ ದಿನಕ್ಕೆ ಐದು ಗಂಟೆ ಬಿಡದೆ ಉರಿದರೆ 10 ಯೂನಿಟ್, ತಿಂಗಳಿಗೆ 300. ಯೂನಿಟ್‌ಗೆ ಸುಮಾರು 6 ರೂಪಾಯಿ ಹಿಡಿದರೂ 1,800 ರೂಪಾಯಿ. ಜೊತೆಗೆ, 2023ರಲ್ಲಿ ಜಾರಿಯಾದ ಗೃಹಜ್ಯೋತಿ ಯೋಜನೆಯ ಗರಿಷ್ಠ ಮಿತಿ ತಿಂಗಳಿಗೆ 200 ಯೂನಿಟ್. ಅದನ್ನು ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಹೀಟರ್ ಒಂದೇ ಆ ಗೆರೆ ದಾಟಿಸಬಲ್ಲದು. ಬಿಗಿಯಾದ ಸಣ್ಣ ಕೋಣೆಯಲ್ಲಿ 800 ಅಥವಾ 1,000 ವ್ಯಾಟಿನ ಸ್ಥಾನದಲ್ಲಿಟ್ಟು ಥರ್ಮೋಸ್ಟಾಟ್‌ಗೆ ಕೆಲಸ ಬಿಟ್ಟರೆ ಖರ್ಚು ಅರ್ಧಕ್ಕೂ ಕೆಳಗೆ ಇಳಿಯುತ್ತದೆ.

ತೋಟದ ಮನೆಗಳಲ್ಲಿ ವೋಲ್ಟೇಜಿನ ಪ್ರಶ್ನೆ ಬೇರೆ. ಲೈನಿನ ಕೊನೆಯ ಮನೆಗೆ 230 ವೋಲ್ಟ್ ಬರಬೇಕಾದಲ್ಲಿ 170 ಬಂದರೆ ಹೀಟರಿನ ಶಾಖ ಕಾಲು ಭಾಗ ಕಡಿಮೆಯಾಗುತ್ತದೆ ಎಂದು ಅನ್ನಿಸಬಹುದು. ಹಾಗಲ್ಲ. ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 2,000 ವ್ಯಾಟಿನ ಹೀಟರ್ ಆಗ 1,100 ವ್ಯಾಟ್ ಕೊಡುತ್ತದೆ. ಹೀಟರ್ ಕೆಟ್ಟಿದೆ ಎಂದು ರಿಪೇರಿಗೆ ಒಯ್ಯುವ ಮೊದಲು ವೋಲ್ಟೇಜ್ ನೋಡಿಸಿ. ಮರ ಬಿದ್ದು ಲೈನ್ ಹರಿದು ಎರಡು ಮೂರು ದಿನ ಕರೆಂಟೇ ಇಲ್ಲದಾಗ ಯಾವ ಹೀಟರೂ ಇಲ್ಲ, ಹಂಡೆಯೇ ಗತಿ. ಹೊಸ ಮನೆ ಕಟ್ಟುವವರು ಬಚ್ಚಲೊಲೆಯನ್ನು ಪೂರ್ತಿ ಕೈಬಿಡದೆ, ಹೊಗೆ ಹೊರಗೆ ಹೋಗುವ ಕೊಳವೆ ಸಮೇತ ಹಿತ್ತಲಲ್ಲಿ ಉಳಿಸಿಕೊಳ್ಳುವುದು ಜಾಣತನ.

ಬಟ್ಟೆಯ ವಿಷಯಕ್ಕೆ ಬಂದರೆ, ಹೀಟರಿನ ಮುಂದೆ ಹಗ್ಗ ಕಟ್ಟುವುದು ಮಳೆಗಾಲದ ಮೊದಲ ಆಸೆ. ಹಿಂಡಿದ ಒಂದು ಬಕೆಟ್ ಬಟ್ಟೆಯಲ್ಲಿ ಲೀಟರುಗಟ್ಟಲೆ ನೀರು ಉಳಿದಿರುತ್ತದೆ. ಒಂದು ಲೀಟರ್ ಒಣಗಿಸಲು, ಆವಿಯನ್ನು ಹೊತ್ತೊಯ್ಯುವ ಗಾಳಿಯನ್ನು ಕಾಯಿಸುವುದೂ ಸೇರಿ, ಹತ್ತಿರ ಹತ್ತಿರ ಒಂದು ಯೂನಿಟ್ ಬೇಕು. ಅದೂ ಆ ಗಾಳಿ ಹೊರಗೆ ಹೋದರೆ ಮಾತ್ರ. ಕೋಣೆ ಮುಚ್ಚಿಟ್ಟರೆ ಬಟ್ಟೆಯ ನೀರು ಗೋಡೆಗೆ, ಹಾಸಿಗೆಗೆ ವರ್ಗವಾಗುತ್ತದೆ. ಬೆಳಿಗ್ಗೆ ಕಿಟಕಿ ಗಾಜಿನ ಮೇಲೆ ಇಳಿಯುವ ಹನಿಗಳು ಅದರ ಲೆಕ್ಕ ಒಪ್ಪಿಸುತ್ತವೆ. ಬಟ್ಟೆಗೆ ಬೇರೆ ಸಣ್ಣ ಕೋಣೆ, ಅದಕ್ಕೊಂದು ಎಕ್ಸಾಸ್ಟ್ ಫ್ಯಾನ್ ಸರಿ. ಹೀಟರಿನ ಮೈಮೇಲೆ ಟವೆಲ್ ಹೊದಿಸುವುದಂತೂ ಬೇಡವೇ ಬೇಡ. ಗಾಳಿ ಕಟ್ಟಿ ಒಳಗಿನ ಬಿಸಿ ಮಿತಿ ಮೀರುತ್ತದೆ.

ಕೈಯಲ್ಲಿ ಹೆಚ್ಚು ಹಣ ಇರುವವರು ತೇವ ಹೀರುವ ಯಂತ್ರವನ್ನೂ ಯೋಚಿಸಬಹುದು. ಡಿಹ್ಯುಮಿಡಿಫೈಯರ್ ಎಂಬ ಅದು ಗಾಳಿಯ ನೀರನ್ನು ಹನಿಹನಿಯಾಗಿ ಬಕೆಟ್ಟಿಗೆ ಇಳಿಸುತ್ತದೆ, ಆವಿ ನೀರಾಗುವಾಗ ಬಿಡುವ ಶಾಖವನ್ನು ಕೋಣೆಗೇ ಕೊಡುತ್ತದೆ. ಬಿಸಿಗಾಳಿಯನ್ನೂ ಕೊಡುವ ಎಸಿ ಇನ್ನೊಂದು ದಾರಿ. ಅದು ಶಾಖವನ್ನು ಉಂಟುಮಾಡುವುದಿಲ್ಲ, ಹೊರಗಿನ ಗಾಳಿಯಿಂದ ಒಳಗೆ ಸಾಗಿಸುತ್ತದೆ. ಹಾಗಾಗಿ ನಮ್ಮಂಥ ಸಾಧಾರಣ ಚಳಿಯಲ್ಲಿ ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್‌ನಷ್ಟು ಶಾಖ ದೊರೆಯಬಹುದು. ಬೆಲೆ ಹೆಚ್ಚು, ವೋಲ್ಟೇಜ್ ಏರಿಳಿತ ತಾಳುವುದು ಕಡಿಮೆ.

ಇಷ್ಟೆಲ್ಲ ಲೆಕ್ಕಕ್ಕಿಂತ ಮೇಲಿನ ಮಾತು ಒಂದಿದೆ. ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಗೆ ತರಬೇಡಿ. ಹೆಂಚಿನ ಮನೆಯಲ್ಲಿ ತಲೆಮಾರುಗಳಿಂದ ಏನೂ ಆಗಿಲ್ಲ ಎಂಬ ಧೈರ್ಯ ತಾರಸಿ ಮನೆಯಲ್ಲಿ ಪ್ರಾಣಕ್ಕೆ ಎರವಾಗುತ್ತದೆ. ಇದ್ದಿಲಾಗಲಿ ಗ್ಯಾಸಾಗಲಿ ಅರೆಬರೆ ಉರಿಯುವಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಕೊಳ್ಳುತ್ತದೆ. ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗುವುದಿಲ್ಲ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನ ರೆಸಾರ್ಟ್ ಒಂದರಲ್ಲಿ ಗ್ಯಾಸ್ ಹೀಟರ್ ಹಚ್ಚಿಟ್ಟು ಬಾಗಿಲು ಕಿಟಕಿ ಮುಚ್ಚಿ ಮಲಗಿದ್ದ ಕೇರಳದ ಎಂಟು ಪ್ರವಾಸಿಗರು ಬೆಳಿಗ್ಗೆ ಏಳಲಿಲ್ಲ. ಅವರಲ್ಲಿ ಮಕ್ಕಳೂ ಇದ್ದರು. ಏನನ್ನೂ ಉರಿಸದ ಕರೆಂಟಿನ ರೇಡಿಯೇಟರ್ ಕೋಣೆಯೊಳಗೆ ಇಂಥ ವಿಷವನ್ನು ಬಿಡುವುದಿಲ್ಲ. ಬಿಲ್ ಎಷ್ಟೇ ಬರಲಿ, ಅದನ್ನು ಆರಿಸಿಕೊಳ್ಳಲು ಇದೊಂದೇ ಕಾರಣ ಸಾಕು. ಹೋಂಸ್ಟೇ ನಡೆಸುವವರು ಅತಿಥಿಗಳು ಎಷ್ಟು ಕೇಳಿಕೊಂಡರೂ ಕೆಂಡದ ಬುಟ್ಟಿಯನ್ನು ಅಂಗಳದಿಂದ ಒಳಗೆ ಬಿಡಬಾರದು.

ಕರೆಂಟಿಗೂ ಅದರದೇ ಅಪಾಯ ಇದೆ. ಒದ್ದೆ ಗೋಡೆ, ಒದ್ದೆ ಕಾಲು, ಹಳೆಯ ವೈರಿಂಗ್ ಒಟ್ಟು ಸೇರುವ ಕಾಲವೇ ಮಳೆಗಾಲ. 2,000 ವ್ಯಾಟಿನ ಹೀಟರ್ ಒಂಬತ್ತು ಆಂಪ್ಸ್ ಹತ್ತಿರ ಎಳೆಯುತ್ತದೆ. ಅದಕ್ಕೆ ದಪ್ಪ ಪಿನ್ನಿನ ಪವರ್ ಪ್ಲಗ್ಗೇ ಬೇಕು, ಮೊಬೈಲ್ ಚಾರ್ಜರಿನ ಎಕ್ಸ್‌ಟೆನ್ಷನ್ ಬಾಕ್ಸ್ ಕರಗಿ ಹೋಗುತ್ತದೆ. ಅರ್ತಿಂಗ್ ಇರಬೇಕು, ಸೋರಿಕೆಯಾದ ಕ್ಷಣಕ್ಕೆ ಕರೆಂಟು ಕಡಿಯುವ 30 ಮಿಲಿಆಂಪ್ಸ್‌ನ ಟ್ರಿಪ್ ಸ್ವಿಚ್ ಇರಬೇಕು, ಐಎಸ್‌ಐ ಗುರುತು ಇರಬೇಕು, ಮಗುಚಿದರೆ ತಾನೇ ಆರುವ ಏರ್ಪಾಡು ಇರಬೇಕು. ಹಂಡೆಗೆ ಕಾಯಿಲ್ ಇಳಿಬಿಟ್ಟು, ಮೇಲೆ ಮುಚ್ಚಳ ಬೆಸೆದು, ಪೈಪು ಕೂಡಿಸಿ ಮನೆಯಲ್ಲೇ ನೀರಿನ ರೇಡಿಯೇಟರ್ ಮಾಡಿಕೊಡುತ್ತೇವೆ ಎನ್ನುವ ವೆಲ್ಡಿಂಗ್ ಶಾಪಿನ ಜಾಣರಿಗೆ ಬೇಡ ಎನ್ನಿ. ಕುಕ್ಕರಿಗೆ ವಿಷಲ್ ಇದೆ, ಸೇಫ್ಟಿ ವಾಲ್ವ್ ಇದೆ. ಅವಿಲ್ಲದೆ ಮುಚ್ಚಿದ ಪಾತ್ರೆಯಲ್ಲಿ ಕುದಿಯುವ ನೀರು ಬಾಂಬಿಗೆ ಸಮ.

ಆರಿದ್ರಾ ಮಳೆ ಹುಟ್ಟುವುದು ಜೂನ್ 21–22ರ ಹೊತ್ತಿಗೆ. ಅದಕ್ಕೆ ಮೊದಲೇ, ನೆಲ ಒಣಗಿರುವಾಗ, ಅರ್ತಿಂಗ್ ಗುಂಡಿಯನ್ನು ಒಮ್ಮೆ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಮನೆಯ ಒಂದು ಕೋಣೆಯನ್ನು, ಅಜ್ಜಿ ಮಲಗುವ ಕೋಣೆಯನ್ನೇ ಆದರೆ ಇನ್ನೂ ಒಳ್ಳೆಯದು, ಸಂದು ಮುಚ್ಚಿ ಸಿದ್ಧ ಮಾಡಿ. ಹೀಟರನ್ನು ಸಣ್ಣ ಸ್ಥಾನದಲ್ಲಿಡಿ, ಮಳೆ ಹಿಡಿದ ಮೊದಲ ದಿನದಿಂದಲೇ ಹಚ್ಚಿ. ಗೋಡೆ ಒಮ್ಮೆ ಥಂಡಿ ಕುಡಿದ ಮೇಲೆ ಅದನ್ನು ಒಣಗಿಸಲು ಹೆಚ್ಚು ಕರೆಂಟು ಬೇಕಾಗುತ್ತದೆ.